ಯಾವ ವೀರ ಮೇಲು?

ಮೇಜಿನ ಸುತ್ತ ನಾಲ್ಕಾರು ಮಂದಿ ಕುಳಿತು, ದಾಳಗಳನ್ನುರುಳಿಸುತ್ತ, ಮಾತಿನಲ್ಲಿಯೇ ಸಾಹಸಕಥೆಯೊಂದನ್ನು ಕಟ್ಟುವ ಆಟ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬ ಅಮೆರಿಕನ್ನರು ರಚಿಸಿದ ಈ ಆಟ 1974ರಲ್ಲಿ ಪ್ರಕಟವಾಯಿತು. ಅಂದು ಯೋಧನಾಗಬಯಸುವವನಿಗಿದ್ದುದು ಒಂದೇ ವರ್ಗ. ಬರಬರುತ್ತ ಬಗೆಬಗೆಯ ವೀರರು ಬಂದು ಸೇರಿದರು. ಅವರಲ್ಲಿ ಮೇಲಾದವನು ಯಾರು?

2014ರ ನಿಯಮಗಳನ್ನೇ ನೋಡೋಣ. ಬಾರ್ಬೇರಿಯನ್ನನ ಬಲವೆಲ್ಲ ಕೋಪದಲ್ಲಿ. ಕೋಪವೇರಿದಾಗ ಕತ್ತಿ, ಬಾಣ, ಗದೆಗಳ ಪೆಟ್ಟು ಅವನಿಗೆ ಅರ್ಧದಷ್ಟೇ ತಾಗುವುದು. ಆದರೆ ಮೊದಲ ಹಂತದಲ್ಲಿ ಅವನಿಗೆ ದೊರೆಯುವುದು ಎರಡೇ ಕೋಪ; ಅವು ಮುಗಿದರೆ ದೀರ್ಘ ವಿಶ್ರಾಂತಿಯಾಗುವವರೆಗೆ ಮೂರನೆಯದಿಲ್ಲ! ಪ್ಯಾಲಡಿನ್ ವ್ರತಧಾರಿ. ಮುಟ್ಟಿದ ಮಾತ್ರಕ್ಕೆ ಗಾಯ ಮಾಯಿಸುವನು. ಎರಡನೆಯ ಹಂತದಿಂದ ದೈವಬಲವನ್ನು ಖಡ್ಗದ ಏಟಿಗೆ ಕೂಡಿಸುವನು. ಆ ಬಲವೂ ದಿನಕ್ಕಿಷ್ಟೆಂದು ಅಳೆದು ಕೊಟ್ಟದ್ದೇ.

ಫೈಟರನಲ್ಲಿ ಇಂಥ ಬೆರಗಿಲ್ಲ. ಅಭ್ಯಾಸವೇ ಅವನ ಬಂಡವಾಳ. ದಣಿವಾರಿಸಿಕೊಳ್ಳುವ ಶಕ್ತಿಯೂ ಮತ್ತೊಮ್ಮೆ ಮುನ್ನುಗ್ಗುವ ಶಕ್ತಿಯೂ ಒಂದು ಗಂಟೆಯ ವಿಶ್ರಾಂತಿಯಿಂದಲೇ ಅವನಿಗೆ ಮರಳುವುವು. ಇಪ್ಪತ್ತನೆಯ ಹಂತ ಮುಟ್ಟಿದನೆಂದರೆ ಒಂದು ದಾಳಿಯಲ್ಲಿ ನಾಲ್ಕು ಏಟು ಅವನ ಪಾಲು; ಉಳಿದಿಬ್ಬರದು ಎರಡೇ.

ಹೀಗಾಗಿ ತೀರ್ಪು ಕಥೆ ನಡೆಸುವವರ ಕೈಯಲ್ಲಿದೆ. ದಿನಕ್ಕೊಂದೇ ಕಾಳಗವಾದರೆ ಮೊದಲಿಬ್ಬರು ಮೆರೆಯುವರು. ಐದಾರು ಕಾಳಗಗಳಾದರೋ, ಕೋಪ ಆರಿ, ದೈವಬಲ ತೀರಿದ ಆ ಸಂಜೆ ಸಂಗಡಿಗರ ಪ್ರಾಣ ಫೈಟರನ ತೋಳಿನಲ್ಲಿರುವುದು. ವೀರನನ್ನು ಆರಿಸುವಾಗ ಮೊದಲ ಏಟಿನೊಡನೆ ಕೊನೆಯ ಏಟನ್ನೂ ತೂಗಿ ನೋಡುವುದೇ ಜಾಣತನ.