ಕಬ್ಬಾಳಮ್ಮನಿಗೆ ಕೈ ಮುಗಿದವರು ಬೆಟ್ಟವನ್ನೂ ನೋಡಲಿ

ಮಂಗಳವಾರ, ಶುಕ್ರವಾರ ಬಂತೆಂದರೆ ಕನಕಪುರದಿಂದ ಸಾತನೂರಿನ ಕಡೆ ಹೊರಟ ಬಸ್ಸಿನಲ್ಲಿ ಕಾಲಿಡಲು ಜಾಗವಿರದು. ತೊಡೆ ಮೇಲೆ ಹಣ್ಣುಕಾಯಿ ಚೀಲ, ಕಂಕುಳಲ್ಲಿ ಮಗು, ಬಾಯಲ್ಲಿ ಕಬ್ಬಾಳಮ್ಮನ ಹೆಸರು. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಬಿಟ್ಟಿಯಾದ ಮೇಲಂತೂ ಕೇಳಲೇಬೇಡಿ. ಕಂಡಕ್ಟರ್ ಹಿಂದಿನ ಬಾಗಿಲಿಂದ ಮುಂದಿನ ಬಾಗಿಲಿಗೆ ಬರುವಷ್ಟರಲ್ಲಿ ಊರೇ ಬಂದಿರುತ್ತದೆ.

ಇಳಿದವರು ಪೂಜೆ ಮಾಡಿಸುತ್ತಾರೆ, ಹರಕೆ ತೀರಿಸುತ್ತಾರೆ, ಹೆಣ್ಣುಮಕ್ಕಳಿಗೆ ಬಳೆ, ಹುಡುಗರಿಗೆ ಪೀಪಿ ಕೊಡಿಸಿ, ಕಡ್ಲೆಪುರಿ ಕಟ್ಟಿಸಿಕೊಂಡು ಮತ್ತೆ ಬಸ್ ಹತ್ತುತ್ತಾರೆ. ನೆತ್ತಿಯ ಮೇಲೇ ನಿಂತಿರುವ ಬೆಟ್ಟವನ್ನು ಒಮ್ಮೆ ನೋಡಿ ‘ಅಬ್ಬಬ್ಬಾ ಎಷ್ಟೆತ್ತರ!’ ಅಂದರೆ ಅಲ್ಲಿಗೆ ಮುಗಿಯಿತು.

‘ಅಣ್ಣ, ಮ್ಯಾಲೆ ಏನೈತೆ?’ ಅಂತ ಹುಡುಗ ಕೇಳಿದರೆ, ‘ಏನಿಲ್ಲ ಕಣ್ಲಾ, ಹಳೇ ಕೋಟೆ, ಬರೀ ಕಲ್ಲು’ ಅಂತ ಉತ್ತರ.

ಬರೀ ಕಲ್ಲೇ? ಬ್ರಿಟಿಷರ ಕಾಲದ ಗೆಜೆಟಿಯರ್ ತೆಗೆದರೆ ಈ ಬೆಟ್ಟಕ್ಕೆ ಬೇರೆಯದೇ ಹೆಸರು ಅಂಟಿಕೊಂಡಿದೆ. 3,507 ಅಡಿ ಎತ್ತರದ ಈ ಕಬ್ಬಾಳದುರ್ಗ ಸೆರೆಮನೆಯಾಗಿತ್ತು. ಹೈದರಾಲಿ, ಟಿಪ್ಪು ಕಾಲದಲ್ಲಿ ದೊರೆಗೆ ಬೇಡವಾದವರನ್ನು ಇಲ್ಲಿಗೆ ಅಟ್ಟುತ್ತಿದ್ದರು. ಅದಕ್ಕೂ ಮೊದಲಿನ ಹಿಂದೂ ದೊರೆಗಳೂ ಇದನ್ನು ಇದೇ ಕೆಲಸಕ್ಕೆ ಬಳಸಿದ್ದರು ಅನ್ನುತ್ತದೆ ದಾಖಲೆ. ಅಂದಮೇಲೆ ಇದನ್ನು ಒಬ್ಬರ ತಲೆಗೇ ಕಟ್ಟಿ ಇವತ್ತು ಜಗಳ ತೆಗೆಯಬೇಕಾದ್ದೂ ಇಲ್ಲ.

ಸೆರೆಮನೆಗೆ ಇದೇ ಬೆಟ್ಟ ಯಾಕೆ? ನೋಡಿದವರಿಗೆ ಹೇಳಬೇಕಾದ್ದೇ ಇಲ್ಲ. ಹತ್ತಲು ಒಂದೇ ಕಡೆ ದಾರಿ. ಉಳಿದ ಕಡೆಯೆಲ್ಲ ನೆಟ್ಟಗೆ ಇಳಿದ ಬಂಡೆ. ಗೋಡೆ ಕಟ್ಟಿಸುವ ಖರ್ಚನ್ನು ದೇವರೇ ಉಳಿಸಿದ್ದ. ಅದರ ಮೇಲೆ ಅಲ್ಲಿನ ಗಾಳಿ ಆರೋಗ್ಯಕ್ಕಾಗದು, ನೀರು ವಿಷದಂಥದ್ದು ಅಂತ ಕುಖ್ಯಾತಿ. ಕತ್ತಿ ಬೇಡ, ನೇಣು ಬೇಡ. ಮೇಲಕ್ಕೆ ಕಳಿಸಿ ಕೈ ತೊಳೆದುಕೊಂಡರೆ ನೀರೇ ತಳವಾರನ ಕೆಲಸ ಮಾಡಿ ಮುಗಿಸುತ್ತಿತ್ತು. ಹಾಗೆ ಹತ್ತಿದವರಲ್ಲಿ ಎಷ್ಟೋ ಜನ ಇಳಿಯಲೇ ಇಲ್ಲ. ಅವರಿಗೂ ಮನೆಯಿತ್ತು, ದಾರಿ ಕಾಯುವ ಹೆಂಡತಿ ಮಕ್ಕಳಿದ್ದರು. ಅವರ ನೆನಪಿಗೆ ಇವತ್ತು ಉಳಿದಿರುವುದು ಈ ಬೆಟ್ಟ ಒಂದೇ.

ಬೆಟ್ಟ ಮಾತ್ರ ಇದ್ದಲ್ಲೇ ಇದೆ. ಬದಲಾಗಿದ್ದೆಲ್ಲ ಬೋರ್ಡು. ಹಿಂದೆ ಮಳವಳ್ಳಿ ತಾಲ್ಲೂಕಿನ ಲೆಕ್ಕದಲ್ಲಿತ್ತು, ಆಮೇಲೆ ಕನಕಪುರಕ್ಕೆ ಬಂತು. 1986ರಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆ, 2007ರಲ್ಲಿ ರಾಮನಗರ ಜಿಲ್ಲೆ, 2025ರಲ್ಲಿ ಬೆಂಗಳೂರು ದಕ್ಷಿಣ. ಕಚೇರಿಗಳ ಬೋರ್ಡು ಬದಲಾಯಿಸಲು ಇಷ್ಟು ಸಲ ಬಣ್ಣ ಸಿಕ್ಕಿದೆ. ಈ ದುರ್ಗದ ಕತೆ ಹೇಳಲು, ಬಸ್ಸಿಳಿದ ಹಳ್ಳಿಯ ಹೆಂಗಸು ಓದಬಲ್ಲ ದಪ್ಪ ಕನ್ನಡ ಅಕ್ಷರದಲ್ಲಿ ಹತ್ತು ಸಾಲು ಬರೆಸಲು ಒಂದು ಡಬ್ಬಿ ಬಣ್ಣ ಹೆಚ್ಚಾದೀತೇ?

ಬೇರೆ ಕಡೆ ಏನಾಗಿದೆ ನೋಡಿ. ಕಾಸರಗೋಡಿನ ಕಡಲ ದಂಡೆಯ ಬೇಕಲ ಕೋಟೆಯೂ ಹಳೇ ಕಲ್ಲೇ. ಅದನ್ನು ಕೇಂದ್ರದ ಪುರಾತತ್ವ ಇಲಾಖೆ ನೋಡಿಕೊಳ್ಳುತ್ತದೆ. ಟಿಕೆಟ್ ಇದೆ, ಕಾವಲಿದೆ, ದೇಶವಿದೇಶದ ಜನ ಬರುತ್ತಾರೆ. ಕೋಟೆಯ ನೆರಳಲ್ಲಿ ಎಳನೀರು ಮಾರುವವನಿಗೂ ಅನ್ನ ಸಿಕ್ಕಿದೆ. ಅಷ್ಟು ದೂರ ಯಾಕೆ, ಮಾಗಡಿಯ ಸಾವನದುರ್ಗವನ್ನು 1791ರ ಡಿಸೆಂಬರಿನಲ್ಲಿ ಕಾರ್ನವಾಲಿಸನ ಸೈನ್ಯ ಹಿಡಿದ ಕತೆ ಪುಸ್ತಕದಲ್ಲಿದೆ. ರಾಮನಗರದ ಬಂಡೆಗೆ 1975ರ ‘ಶೋಲೆ’ ಸಿನಿಮಾ ಹೆಸರು ತಂದಿತು. ಗಬ್ಬರ್ ಸಿಂಗ್ ಕೂತ ಕಲ್ಲು ಯಾವುದು ಅಂತ ಹುಡುಕಿಕೊಂಡು ಬಂದವರಿದ್ದಾರೆ. ಸಿನಿಮಾದ ಡಕಾಯಿತನಿಗೆ ಸಿಕ್ಕ ಮರ್ಯಾದೆ ಕಬ್ಬಾಳದುರ್ಗದಲ್ಲಿ ನಿಜವಾಗಿ ಸತ್ತವರಿಗೆ ಬೇಡವೇ?

ಇದು ಅಂಗಡಿಯವರ ಹೊಟ್ಟೆಯ ಮಾತೂ ಹೌದು. ಅಮ್ಮನ ವಾರದಲ್ಲಿ ವ್ಯಾಪಾರ. ಉಳಿದ ದಿನ ನೊಣ ಹೊಡೆಯುವ ಕೆಲಸ. ಬೆಂಗಳೂರಿನ ಟ್ರೆಕ್ಕಿಂಗ್ ಕಂಪನಿಗಳು ಜನರನ್ನು ವ್ಯಾನಿನಲ್ಲಿ ತುಂಬಿ ನಸುಕಿಗೇ ತಂದು, ಹತ್ತಿಸಿ, ಇಳಿಸಿ, ತಿಂಡಿ ಸಮೇತ ತಾವೇ ದುಡ್ಡು ಎಣಿಸಿಕೊಂಡು ಹೋದರೆ ಊರಿಗೆ ಉಳಿಯುವುದು ಖಾಲಿ ಬಾಟಲಿ ಮಾತ್ರ. ಅದರ ಬದಲು ಊರಿನ ನಾಲ್ಕು ಹುಡುಗರನ್ನು ತಯಾರು ಮಾಡಿ, ಇತಿಹಾಸ ಕಲಿಸಿ, ಬ್ಯಾಡ್ಜ್ ಕೊಟ್ಟು ಮಾರ್ಗದರ್ಶಿಗಳನ್ನಾಗಿ ಮಾಡಲಿ. ಶಾಲೆಯ ಮಕ್ಕಳು ಬರಲಿ. ಅವರು ಚಹಾ ಕುಡಿಯುವುದು, ಊಟ ಮಾಡುವುದು ಈ ಊರಿನಲ್ಲೇ ಆಗಲಿ.

ಕೇಳುವುದು ಕೋಟಿ ರೂಪಾಯಿಯ ಯೋಜನೆಯಲ್ಲ. ರೋಪ್‌ವೇ ಬೇಡ, ಬಂಡೆಗೆ ಸಿಮೆಂಟು ಬಳಿಯುವುದಂತೂ ಬೇಡವೇ ಬೇಡ. ಬುಡದಲ್ಲಿ ಕತೆ ಹೇಳುವ ಬೋರ್ಡು, ಕುಡಿಯಲು ಒಳ್ಳೆ ನೀರು, ಹೆಂಗಸರಿಗೆ ಬೀಗ ಹಾಕದ ಶೌಚಾಲಯ, ಕಸದ ತೊಟ್ಟಿ, ಕಡಿದಾದ ಕಡೆ ಹಿಡಿದುಕೊಳ್ಳಲು ಆಸರೆ, ಮಳೆಗಾಲದಲ್ಲಿ ‘ಇವತ್ತು ಹತ್ತಬೇಡಿ’ ಅಂತ ತಡೆಯುವ ಒಬ್ಬ ಮನುಷ್ಯ. ಮತ್ತೆ, ಕೊನೆ ಬಸ್ಸು ಎಷ್ಟು ಹೊತ್ತಿಗೆ ಅಂತ ತಿಳಿಸುವ ಒಂದು ವೇಳಾಪಟ್ಟಿ. ಇಷ್ಟನ್ನು ಪ್ರವಾಸೋದ್ಯಮ, ಪುರಾತತ್ವ, ಅರಣ್ಯ ಇಲಾಖೆಯವರೂ ಪಂಚಾಯ್ತಿಯವರೂ ಒಂದು ದಿನ ಒಟ್ಟಿಗೆ ಕೂತರೆ ತೀರ್ಮಾನ ಮಾಡಬಹುದು. ಕೂರಿಸುವವರು ಬೇಕು, ಅಷ್ಟೆ.

ಹೋಗುವವರಿಗೂ ಒಂದು ಮಾತು. ಬೆಳಿಗ್ಗೆ ಬಿಸಿಲೇರುವ ಮೊದಲೇ ಹೊರಡಿ. ಬಂಡೆ ಒದ್ದೆಯಿದ್ದರೆ ಮರ್ಯಾದೆಯಾಗಿ ವಾಪಸ್ ಬನ್ನಿ, ಬೆಟ್ಟ ಎಲ್ಲೂ ಓಡಿಹೋಗುವುದಿಲ್ಲ. ಒಯ್ದ ಬಾಟಲಿ ಕೆಳಗೆ ತನ್ನಿ. ಕೋಟೆಯ ಕಲ್ಲಿನ ಮೇಲೆ ನಿಮ್ಮ ಹೆಸರು, ಪ್ರೇಯಸಿಯ ಹೆಸರು ಕೆತ್ತಬೇಡಿ ಸ್ವಾಮಿ. ಅಲ್ಲಿ ಪ್ರಾಣ ಬಿಟ್ಟವರ ಹೆಸರೇ ಯಾವ ಕಲ್ಲಿನ ಮೇಲೂ ಇಲ್ಲ.

ಮುಂದಿನ ಸಲ ಹುಡುಗ ‘ಮ್ಯಾಲೆ ಏನೈತೆ?’ ಅಂತ ಕೇಳಿದಾಗ, ‘ಏನಿಲ್ಲ’ ಅನ್ನುವ ಉತ್ತರ ಬಾರದಿರಲಿ.