ಸೀರೆ ಜಾಹೀರಾತು ಬಂದದ್ದು ಫೋನ್ ಕದ್ದು ಕೇಳಿದ್ದರಿಂದಲೇ?

"ಮಗಳ ಮದುವೆಗೆ ಮೊಳಕಾಲ್ಮೂರು ಸೀರೆ ತರೋಣ ಅಂತ ಮನೆಯಲ್ಲಿ ಮಾತಾಡಿದೆವು ಅಷ್ಟೇ. ಬೆಳಗ್ಗೆ ಫೇಸ್‌ಬುಕ್ ತೆರೆದರೆ ರೇಷ್ಮೆ ಸೀರೆಯದೇ ಜಾಹೀರಾತು! ಫೋನ್ ನಮ್ಮ ಮಾತು ಕದ್ದು ಕೇಳುತ್ತಿದೆ. ಎಲ್ಲರಿಗೂ ಶೇರ್ ಮಾಡಿ."

ಇಂಥ ಸಂದೇಶ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಜಾಹೀರಾತು ಬಂದದ್ದು ನಿಜವೇ ಇರಬಹುದು. ಆದರೆ ಅದಕ್ಕೆ ಕೊಟ್ಟ ಕಾರಣ ಸರಿಯೇ? ನೋಡೋಣ.

ಮೈಕ್ ಬಗ್ಗೆ ಸಂಶೋಧನೆ ಏನು ಹೇಳುತ್ತದೆ?

ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಸಂಶೋಧಕರು 17 ಸಾವಿರಕ್ಕೂ ಹೆಚ್ಚು ಆಂಡ್ರಾಯ್ಡ್ ಆ್ಯಪ್‌ಗಳನ್ನು ಪರೀಕ್ಷಿಸಿ 2018ರಲ್ಲಿ ವರದಿ ಕೊಟ್ಟರು. ಬಳಕೆದಾರರಿಗೆ ತಿಳಿಯದಂತೆ ಮೈಕ್ ಆನ್ ಮಾಡಿ ಮಾತನ್ನು ಹೊರಗೆ ಕಳಿಸಿದ ಒಂದು ಆ್ಯಪ್ ಕೂಡ ಅವರಿಗೆ ಸಿಗಲಿಲ್ಲ. ಕೆಲವು ಆ್ಯಪ್‌ಗಳು ಪರದೆಯ ಮೇಲಿನ ಚಿತ್ರವನ್ನು ಬೇರೆ ಕಂಪನಿಗಳಿಗೆ ಕಳಿಸುತ್ತಿದ್ದದ್ದು ಮಾತ್ರ ಕಂಡುಬಂತು. ಅಂದರೆ ಫೋನ್‌ಗಳು ಸಾಧು ಎಂದು ನಾವು ಹೇಳುತ್ತಿಲ್ಲ. ಆದರೆ ಸೀರೆ ಜಾಹೀರಾತು ತೋರಿಸಲು ನಿಮ್ಮ ಮಾತು ಕೇಳುವ ಅಗತ್ಯವೇ ಇಲ್ಲ. ಅದಕ್ಕಿಂತ ಅಗ್ಗದ, ಸುಲಭದ ದಾರಿ ಒಂದಿದೆ. ಅದು ಪಟ್ಟಿ.

ಪಟ್ಟಿ ಕೆಲಸ ಮಾಡುವುದು ಹೇಗೆ?

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಮೊಳಕಾಲ್ಮೂರಿನ ಒಂದು ಸೀರೆ ಅಂಗಡಿ. ಬಿಲ್ ಬರೆಯುವಾಗ "ನಂಬರ್ ಹೇಳಿ" ಎಂದು ಕೇಳುತ್ತಾರೆ, ನೀವು ಹೇಳುತ್ತೀರಿ. ಹೀಗೆ ವರ್ಷದಲ್ಲಿ ಸಾವಿರ ನಂಬರ್ ಸೇರುತ್ತವೆ. ಅಂಗಡಿಯವರು ಆ ಪಟ್ಟಿಯನ್ನು ಫೇಸ್‌ಬುಕ್‌ನ ಜಾಹೀರಾತು ವಿಭಾಗಕ್ಕೆ ಹಾಕಬಹುದು. ಇದಕ್ಕೆ 'ಕಸ್ಟಮ್ ಆಡಿಯನ್ಸ್' ಎನ್ನುತ್ತಾರೆ. 2012ರಿಂದಲೂ ಈ ಸೌಲಭ್ಯ ಇದೆ.

ಪಟ್ಟಿ ಹಾಕಿದಾಗ ಪ್ರತಿ ನಂಬರೂ ಗಣಿತದ ಸೂತ್ರವೊಂದರಿಂದ 64 ಅಕ್ಷರ-ಅಂಕಿಗಳ ಸಂಕೇತವಾಗುತ್ತದೆ. ಫೇಸ್‌ಬುಕ್ ತನ್ನ ಬಳಿ ಇರುವ ನಂಬರ್‌ಗಳ ಸಂಕೇತದೊಂದಿಗೆ ಅದನ್ನು ಹೋಲಿಸುತ್ತದೆ. ಎರಡೂ ಒಂದೇ ಆದರೆ ನಿಮ್ಮ ಪ್ರೊಫೈಲ್ ಸಿಕ್ಕಿತು ಎಂದರ್ಥ. ಯಾರ್‍ಯಾರು ಸಿಕ್ಕರು ಎಂದು ಅಂಗಡಿಯವರಿಗೆ ತಿಳಿಯುವುದಿಲ್ಲ. ಆದರೆ ಜಾಹೀರಾತು ನೇರ ನಿಮಗೆ ತಲುಪುತ್ತದೆ.

ಇಲ್ಲಿಗೇ ಮುಗಿಯಲಿಲ್ಲ. ಒಂದೇ ದೇಶದ ಕನಿಷ್ಠ 100 ಜನ ಪಟ್ಟಿಯಲ್ಲಿ ಸಿಕ್ಕರೆ 'ಇವರಂಥವರೇ ಇನ್ನೂ ಬೇಕು' ಎಂದು ಕೇಳಬಹುದು. ಆಗ ಆ ಅಂಗಡಿಯ ಮೆಟ್ಟಿಲನ್ನೇ ಹತ್ತದವರಿಗೂ ಜಾಹೀರಾತು ಬರುತ್ತದೆ. ಮನೆಯಲ್ಲಿ ಮದುವೆ ಇದೆ ಎಂದಾಗ ನೀವು ಕಲ್ಯಾಣ ಮಂಟಪ ಹುಡುಕಿರುತ್ತೀರಿ, ಮಗಳು ಬ್ಲೌಸ್ ಡಿಸೈನ್ ನೋಡಿರುತ್ತಾಳೆ. ನೀವು ಸೀರೆ ಕೊಳ್ಳುವವರಂತೆಯೇ ಕಾಣುತ್ತೀರಿ. ಮಾತು ಮತ್ತು ಜಾಹೀರಾತು ಎರಡಕ್ಕೂ ಕಾರಣ ಒಂದೇ, ಅದು ಮದುವೆ.

ಪಟ್ಟಿಯಿಂದ ಆಸಕ್ತಿ ತಿಳಿಯುವುದು ಹೇಗೆ?

ನಂಬರ್‌ಗಳ ಬದಲು ಪ್ರೊಫೈಲ್‌ಗಳ ಪಟ್ಟಿಯನ್ನೂ ಮಾಡಬಹುದು. ಉದಾಹರಣೆಗೆ, ಸೀರೆ ಪೇಜ್‌ಗಳಲ್ಲಿ ಕಾಮೆಂಟ್ ಹಾಕುವವರು. ಅವರು ಇನ್ನೇನೇನು ಫಾಲೋ ಮಾಡುತ್ತಾರೆ ಎಂದು ಎಣಿಸುವುದೇ ಆಸಕ್ತಿಯ ವಿಶ್ಲೇಷಣೆ. ಆದರೆ ಬರೀ ಎಣಿಕೆ ಸಾಲದು, ಹೋಲಿಕೆ ಬೇಕು.

ಪಟ್ಟಿಯ 400 ಜನರಲ್ಲಿ 120 ಜನ, ಅಂದರೆ ಶೇ. 30 ಮಂದಿ ಅಡುಗೆ ಪೇಜ್ ನೋಡುತ್ತಾರೆ ಎಂದುಕೊಳ್ಳಿ. ಉಳಿದ ಜನರಲ್ಲೂ ಶೇ. 28 ಮಂದಿ ನೋಡುತ್ತಿದ್ದರೆ ಅದರಲ್ಲಿ ವಿಶೇಷವಿಲ್ಲ. ಅದೇ 400ರಲ್ಲಿ 60 ಜನ, ಅಂದರೆ ಶೇ. 15 ಮಂದಿ ಮದುವೆ ಫೋಟೊ ಪೇಜ್ ನೋಡುತ್ತಾರೆ, ಉಳಿದವರಲ್ಲಿ ಶೇ. 3 ಮಾತ್ರ ಎಂದಾದರೆ ಅದು ಐದು ಪಟ್ಟು. ಅಂಗಡಿಗೆ ಬೇಕಾದ ಸುಳಿವು ಅದೇ.

ಇದರಲ್ಲಿ ಒಳ್ಳೆಯದೂ ಇದೆ. ಮೊಳಕಾಲ್ಮೂರಿನ ಕೈಮಗ್ಗದ ರೇಷ್ಮೆ ಸೀರೆಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಮಧ್ಯವರ್ತಿ ಇಲ್ಲದೆ ಬೆಂಗಳೂರಿನ ಗ್ರಾಹಕರನ್ನು ತಲುಪಲು ನೇಕಾರರಿಗೂ ಇದು ದಾರಿ. ಆದರೆ ಮಷಿನ್‌ನಲ್ಲಿ ನೇಯ್ದ ಸೀರೆಗೆ 'ಮೊಳಕಾಲ್ಮೂರು' ಎಂದು ಹೆಸರಿಟ್ಟು ಮಾರುವವನಿಗೂ ಇದೇ ದಾರಿ ತೆರೆದಿದೆ. ಜಾಹೀರಾತು ನಿಮ್ಮ ಅಭಿರುಚಿಗೆ ಸರಿಯಾಗಿ ಬಂತು ಎಂದ ಮಾತ್ರಕ್ಕೆ ಮಾಲು ಅಸಲಿ ಎಂದಲ್ಲ.

ಪಟ್ಟಿಯೂ ಎಡವುತ್ತದೆ. ಅಜ್ಜಿಯ ಹೆಸರಿನ ಸಿಮ್ ಮೊಮ್ಮಗನ ಫೋನಿನಲ್ಲಿದ್ದರೆ ಸೀರೆ ಕೊಂಡ ಅಜ್ಜಿಗೆ ಕ್ರಿಕೆಟ್ ಆಸಕ್ತಿ ಎಂದು ದಾಖಲಾಗುತ್ತದೆ. ಮಗ್ಗದ ಮನೆಗೇ ಬಂದು ನಗದು ಕೊಟ್ಟು ಸೀರೆ ಒಯ್ದವರು ಪಟ್ಟಿಯಲ್ಲೇ ಇರುವುದಿಲ್ಲ.

ಸೀರೆ ತಾನೇ, ಏನಾಯಿತು?

ಸೀರೆಗೆ ನಿಂತರೆ ಚಿಂತೆ ಇರಲಿಲ್ಲ. 2013ರಲ್ಲಿ ಕೇಂಬ್ರಿಡ್ಜ್‌ನ ಸಂಶೋಧಕರು 58 ಸಾವಿರಕ್ಕೂ ಹೆಚ್ಚು ಸ್ವಯಂಸೇವಕರ ಫೇಸ್‌ಬುಕ್ 'ಲೈಕ್'ಗಳನ್ನು ಮಾತ್ರ ನೋಡಿ ಅವರ ಬಗ್ಗೆ ಊಹಿಸಿದರು. ಅಮೆರಿಕದ ಎರಡು ಮುಖ್ಯ ಪಕ್ಷಗಳಲ್ಲಿ ಯಾವುದರ ಕಡೆಯವರು ಎಂಬ ಊಹೆ ಶೇ. 85ರಷ್ಟು ನಿಖರವಾಗಿತ್ತು. ಕ್ರೈಸ್ತರೋ ಮುಸ್ಲಿಮರೋ ಎಂಬುದು ಶೇ. 82ರಷ್ಟು.

2018ರಲ್ಲಿ ಕೇಂಬ್ರಿಡ್ಜ್ ಅನಲಿಟಿಕಾ ಹಗರಣ ಹೊರಬಿತ್ತು. ಅದರಲ್ಲಿ ಒಂದು 'ವ್ಯಕ್ತಿತ್ವ ಪರೀಕ್ಷೆ' ಆ್ಯಪ್ ಬಳಕೆಯಾಗಿತ್ತು. ಫೇಸ್‌ಬುಕ್ ಕೊಟ್ಟ ಲೆಕ್ಕದ ಪ್ರಕಾರ ಭಾರತದಲ್ಲಿ ಆ ಆ್ಯಪ್ ಹಾಕಿಕೊಂಡವರು ಕೇವಲ 335 ಜನ. ಆದರೆ ಮಾಹಿತಿ ಸೋರಿರಬಹುದಾದವರು 5,62,455 ಜನ! ಉಳಿದವರೆಲ್ಲ ಯಾವ ಆ್ಯಪನ್ನೂ ಮುಟ್ಟಿರಲಿಲ್ಲ. ಸ್ನೇಹಿತರು ಮುಟ್ಟಿದ್ದರು, ಅಷ್ಟೇ.

ನಮ್ಮಲ್ಲೂ 2022ರ ನವೆಂಬರ್‌ನಲ್ಲಿ ಇಂಥದೇ ಆತಂಕ ಎದ್ದಿತ್ತು. ಮತದಾರರ ಜಾಗೃತಿ ಎಂದು ಹೇಳಿಕೊಂಡು ಬೆಂಗಳೂರಿನ ಮನೆಮನೆಗಳಲ್ಲಿ ಖಾಸಗಿ ಸಂಸ್ಥೆಯೊಂದು ಜನರ ವಿವರ ಸಂಗ್ರಹಿಸಿತು ಎಂಬ ಆರೋಪ ಬಂತು. ಚುನಾವಣಾ ಆಯೋಗ ಮೂರು ಕ್ಷೇತ್ರಗಳ ಮತದಾರರ ಪಟ್ಟಿಯ ಮರುಪರಿಶೀಲನೆಗೆ ಆದೇಶಿಸಿತು. ಪಟ್ಟಿ ಯಾರ ಕೈಯಲ್ಲಿದೆ ಎಂಬುದು ಸಣ್ಣ ಪ್ರಶ್ನೆಯಲ್ಲ.

ಫಾರ್ವರ್ಡ್ ಮಾಡುವವರಿಗೆ ಇದರಲ್ಲಿ ಏನು ಪಾಲು?

"ಈ ಲಿಂಕ್ ಒತ್ತಿ, ನಂಬರ್ ಹಾಕಿ, ಶೇಂಗಾ ಬೆಳೆಗಾರರಿಗೆ ಸಹಾಯಧನ" ಎಂಬ ಮೆಸೇಜ್ ಚಳ್ಳಕೆರೆಯ ರೈತರ ಗುಂಪಿಗೆ ಬಂತು ಎಂದುಕೊಳ್ಳಿ. ಸಹಾಯಧನ ಬರುತ್ತದೋ ಇಲ್ಲವೋ, ಶೇಂಗಾ ಬೆಳೆಯುವವರ, ಹಣದ ಅಗತ್ಯ ಇರುವವರ ಪಟ್ಟಿಯಂತೂ ಸಿದ್ಧವಾಯಿತು. ನಾಳೆ ನಕಲಿ ಬೀಜ ಮಾರುವವನಿಗೆ, ಸಾಲದ ಆ್ಯಪ್‌ನವನಿಗೆ ಅದು ಬೇಕು. ಅದನ್ನು ನೀವು ಐದು ಗುಂಪಿಗೆ ಕಳಿಸಿದರೆ ಪಟ್ಟಿ ತುಂಬಿಸುವ ಕೆಲಸವನ್ನು ನೀವೇ ಪುಕ್ಕಟೆ ಮಾಡಿದಂತೆ.

ಏನು ಮಾಡಬಹುದು?

* ಫೇಸ್‌ಬುಕ್ ಜಾಹೀರಾತಿನ ಮೇಲಿರುವ ಮೂರು ಚುಕ್ಕಿ ಒತ್ತಿ, 'ಈ ಜಾಹೀರಾತು ನನಗೇಕೆ ಕಾಣುತ್ತಿದೆ' ಎಂಬುದನ್ನು ನೋಡಿ. ಪಟ್ಟಿ ಬಳಸಿದ್ದರೆ ಅಲ್ಲಿ ಸುಳಿವು ಸಿಗುತ್ತದೆ.
* ಆ್ಯಪ್ 'ಕಾಂಟ್ಯಾಕ್ಟ್ಸ್ ನೋಡಲು ಬಿಡಿ' ಎಂದು ಕೇಳಿದರೆ ಯೋಚಿಸಿ. ಅದರಲ್ಲಿರುವುದು ನಿಮ್ಮ ನಂಬರ್ ಅಲ್ಲ, ಅಕ್ಕ, ಮಾವ, ಮೇಷ್ಟ್ರ ನಂಬರ್. ಅವರನ್ನು ನೀವು ಕೇಳಿಲ್ಲ.
* ಅಂಗಡಿಯಲ್ಲಿ ನಂಬರ್ ಕೇಳಿದರೆ "ಯಾಕೆ?" ಎಂದು ಕೇಳಿ. ಬಿಲ್ ಕೊಡಲು ನಂಬರ್ ಕಡ್ಡಾಯವಲ್ಲ.
* ಸರ್ಕಾರದ ಯೋಜನೆ ಎಂದರೆ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿದ ನಂತರವೇ ಕಳಿಸಿ.

ಕಾನೂನೂ ನಿಮ್ಮ ಪರ ಇದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಹೇಳಿತು. ಆ ಅರ್ಜಿ ಹಾಕಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ನಂತರ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯುವ, ಮಾಹಿತಿ ಅಳಿಸಲು ಕೇಳುವ ಹಕ್ಕು ಅದರಲ್ಲಿದೆ.

ಹಾಗಾದರೆ ಮೊದಲಿನ ಫಾರ್ವರ್ಡ್‌ಗೆ ಏನು ಉತ್ತರ? ಫೋನ್ ನಿಮ್ಮ ಮಾತು ಕದ್ದು ಕೇಳಿತು ಎಂಬುದಕ್ಕೆ ಪುರಾವೆ ಇಲ್ಲ. ನಿಮ್ಮ ನಂಬರ್, ನಿಮ್ಮ ಹುಡುಕಾಟ, ನಿಮ್ಮ ಸ್ನೇಹಿತರ ಕ್ಲಿಕ್ಕು ಇವೇ ಸಾಕಾಗಿದ್ದವು. ಮೈಕ್ ಆಫ್ ಮಾಡಿ ನಿಶ್ಚಿಂತೆಯಿಂದ ಕೂತರೆ ಪಟ್ಟಿಯಿಂದ ನಿಮ್ಮ ಹೆಸರು ಹೋಗುವುದಿಲ್ಲ. ಮುಂದಿನ ಸಲ ಗುಂಪಿನಲ್ಲಿ ಆ ಮೆಸೇಜ್ ಬಂದಾಗ ಇಷ್ಟನ್ನು ಅವರಿಗೂ ತಿಳಿಸಿ.