ಗುಡುಗು ಮಳೆ ಕಲಿಸಿದ ಪರೀಕ್ಷೆ

ನೀವು ಬರೆದ ಪ್ರೋಗ್ರಾಂ ಸರಿಯಾದ ಅಂಕಿಗೆ ಸರಿಯಾದ ಉತ್ತರ ಕೊಟ್ಟರೆ ಸಾಕೇ? ಖಂಡಿತ ಸಾಲದು.

1988ರ ಒಂದು ರಾತ್ರಿ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಬಾರ್ಟನ್ ಮಿಲ್ಲರ್ ಮನೆಯಿಂದಲೇ ಟೆಲಿಫೋನ್ ತಂತಿಯ ಮೂಲಕ ವಿಶ್ವವಿದ್ಯಾಲಯದ ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಿದ್ದರು. ಹೊರಗೆ ಗುಡುಗು ಮಳೆ. ತಂತಿಯಲ್ಲಿ ಎದ್ದ ಗದ್ದಲದಿಂದ ಅವರು ಒತ್ತದ ಅಕ್ಷರಗಳೂ ಕಂಪ್ಯೂಟರಿಗೆ ತಲುಪಿದವು. ಅಷ್ಟಕ್ಕೇ ದಿನಬಳಕೆಯ ಯುನಿಕ್ಸ್ ಪ್ರೋಗ್ರಾಂಗಳು ಅರ್ಧಕ್ಕೇ ನಿಂತುಹೋದವು!

ಮಿಲ್ಲರ್ ಇದನ್ನೇ ವಿದ್ಯಾರ್ಥಿಗಳಿಗೆ ಪ್ರಾಜೆಕ್ಟ್ ಆಗಿ ಕೊಟ್ಟರು. ಅಡ್ಡಾದಿಡ್ಡಿ ಅಕ್ಷರಗಳನ್ನು ತಾನಾಗಿ ಹುಟ್ಟಿಸುವ 'ಫಜ್' ಎಂಬ ಸಾಧನ ಹೀಗೆ ಸಿದ್ಧವಾಯಿತು. ಅದರ ಫಲಿತಾಂಶ 1990ರಲ್ಲಿ ಪ್ರಕಟವಾಯಿತು. ಪರೀಕ್ಷಿಸಿದ ಪ್ರೋಗ್ರಾಂಗಳಲ್ಲಿ ಶೇಕಡಾ 25ರಿಂದ 33ರಷ್ಟು ಕುಸಿದಿದ್ದವು.

ಕಾರಣ ಸರಳ. 20 ಅಕ್ಷರಕ್ಕೆಂದು ಇಟ್ಟ ಜಾಗಕ್ಕೆ 200 ಬಂದರೆ ಉಳಿದವು ಪಕ್ಕದ ಮೆಮೊರಿಗೆ ಉಕ್ಕಿ ಹರಿದು ಅದನ್ನು ಕೆಡಿಸುತ್ತವೆ. ಕಳ್ಳ ನುಗ್ಗುವುದೂ ಇದೇ ಬಾಗಿಲಿನಿಂದ. 1988ರ ನವೆಂಬರಿನಲ್ಲಿ 'ಮಾರಿಸ್ ವರ್ಮ್' ಇಂಥ ದೋಷವನ್ನೂ ಬಳಸಿಕೊಂಡು ಸಾವಿರಾರು ಕಂಪ್ಯೂಟರುಗಳನ್ನು ಹೊಕ್ಕಿತ್ತು. ಇಂದು ಬ್ರೌಸರ್ ತಯಾರಕರೂ ತಮ್ಮ ತಂತ್ರಾಂಶವನ್ನು ಮಿಲ್ಲರ್ ತೋರಿದ ದಾರಿಯಲ್ಲಿ ಪರೀಕ್ಷಿಸುತ್ತಾರೆ.

ವಿದ್ಯಾರ್ಥಿಗಳೇ, ವಯಸ್ಸು ಕೇಳುವ ಪ್ರೋಗ್ರಾಂ ಬರೆದಿದ್ದೀರಾ? ಅದಕ್ಕೆ -5 ಕೊಡಿ. ಅಂಕಿಯ ಬದಲು ಹೆಸರು ಕೊಡಿ. ಏನೂ ಕೊಡದೆ ಎಂಟರ್ ಒತ್ತಿ. ತಪ್ಪನ್ನು ತಪ್ಪೆಂದು ಹೇಳಿ ಮತ್ತೆ ಕೇಳಿದರೆ ಅದು ಒಳ್ಳೆಯ ಪ್ರೋಗ್ರಾಂ.

ಪೋಷಕರೇ, ಮಕ್ಕಳು ತಮ್ಮ ಪ್ರೋಗ್ರಾಂ ತೋರಿಸಿದಾಗ "ನನಗೇನು ಗೊತ್ತಾಗುತ್ತೆ" ಎನ್ನಬೇಡಿ. ಮನಬಂದಂತೆ ಕೀಲಿ ಒತ್ತಿ ನೋಡಿ. ಈ ಪರೀಕ್ಷೆಗೆ ಕಂಪ್ಯೂಟರ್ ಬಾರದವರೇ ತಕ್ಕ ಪರೀಕ್ಷಕರು!